ಸಾಹೇಬರ ದೊಡ್ಡ ಕೆರೆ

ಬೆಳಗಿನ ಹನ್ನೊಂದು ಗಂಟೆ ನಲವತ್ತು ನಿಮಿಷಕ್ಕೆ ನಮ್ಮ ಪಕ್ಕದ ಮನೆಯ ಕಂಪ್ಯೂಟರಿನೊಳಗೆ ಕಪ್ಪೆಯ ಮೊಟ್ಟೆಗಳು ಕಾಣಿಸಿಕೊಂಡವು. ಹೊತ್ತು ಇಷ್ಟು ಖಚಿತವಾಗಿ ನೆನಪಿರಲು ಕಾರಣವಿದೆ. ಸಿಂದಗಿಯಿಂದ ಬರಬೇಕಾಗಿದ್ದ ಹಿರಿಯರೊಬ್ಬರ ಬಸ್ಸು ಯಾಕೆ ತಡವಾಯಿತೆಂದು ನಾನು ಆಗಷ್ಟೇ ಗೋಡೆಯ ಗಡಿಯಾರ ನೋಡಿ ಕಣ್ಣು ಕೆಳಗಿಳಿಸಿದ್ದೆ. ಪೆಟ್ಟಿಗೆಯ ಗಾಜಿನ ಬದಿಯೊಳಗೆ, ನೀಲಿ ದೀಪದ ಬೆಳಕಿನಲ್ಲಿ ಹೊಳೆಯುವ ನಳಿಗೆಯಲ್ಲಿ, ಸುತ್ತ ಲೋಳೆ ಕಟ್ಟಿಕೊಂಡ ಕಪ್ಪು ಚುಕ್ಕೆಗಳು ಒಂದರ ಹಿಂದೊಂದು ಮೆರವಣಿಗೆ ಹೊರಟಿದ್ದವು. ಕಾಲೇಜಿನಲ್ಲಿ ವಾಣಿಜ್ಯಶಾಸ್ತ್ರ ಕಲಿಸುವ ನನಗೆ ಕಂಪ್ಯೂಟರಿನ ಹೊಟ್ಟೆಯ ವಿಷಯ ಗೊತ್ತಿರುವುದು ಕಡಿಮೆ. ಆದರೂ ಕಪ್ಪೆ ಅಲ್ಲಿ ಮೊಟ್ಟೆ ಇಡುವುದಿಲ್ಲ ಎಂಬಷ್ಟು ಗೊತ್ತಿತ್ತು.

ಈ ಬೇಸಿಗೆಯಲ್ಲಿ ಆ ಪಕ್ಕದ ಮನೆಯ ಸಾಹೇಬರು ಬಸವನ ಬಾಗೇವಾಡಿಯ ಮನೆ ಖಾಲಿ ಮಾಡಿ ಕೊಲ್ಹಾರಕ್ಕೆ, ತಮ್ಮ ಅಕ್ಕನ ಮನೆಯ ಹತ್ತಿರಕ್ಕೆ ಹೋದರು. ಆ ಮನೆಗೆ ಹೊಸದಾಗಿ ಬಂದ ಬಾಡಿಗೆಯವರು ಮೊನ್ನೆ ನನ್ನನ್ನು ಕರೆದು, "ಈ ಕಿಟಕಿ ಚೌಕಟ್ಟಿಗೆ ಎರಡು ತೂತು ಯಾಕ ಹೊಡದಾರ್ರಿ? ಹುಳಾ ಹುಪ್ಪಡಿ ಬರ್ತಾವಲ್ಲ" ಎಂದು ಕೇಳಿದರು. ಹೆಬ್ಬೆರಳು ಹೋಗುವಷ್ಟು ಅಗಲದ, ನುಣ್ಣಗೆ ಕೊರೆದ ತೂತುಗಳು. ಹೇಳಲು ಬಾಯಿ ತೆರೆದೆ. ಎಲ್ಲಿಂದ ಶುರು ಮಾಡುವುದೆಂದು ತಿಳಿಯದೆ, "ನೀರಿಗ್ರಿ" ಎಂದಷ್ಟೇ ಹೇಳಿ ಮನೆಗೆ ಬಂದೆ. ಆ ತೂತುಗಳ ಪೂರ್ತಿ ಕಥೆ ಇದು. ಕಥೆಗಿಂತ ಹೆಚ್ಚಾಗಿ, ಅವನ್ನು ಕೊರೆದವರ ಚಿತ್ರ.

ಸಾಹೇಬರು ಎಂದರೆ ದೊಡ್ಡ ಅಧಿಕಾರಿಯಲ್ಲ. ಕಾಲುವೆ ಕೆಲಸದಲ್ಲಿ ಇನ್‌ಸ್ಪೆಕ್ಟರ್ ಆಗಿ ಇಂಡಿ, ಸಿಂದಗಿ, ಮುದ್ದೇಬಿಹಾಳ ಎಂದು ಬಿಸಿಲಲ್ಲಿ ತಿರುಗಿ ನಿವೃತ್ತರಾದವರು. ನಿವೃತ್ತಿಯ ಮೇಲೂ ಅವರ ಕಣ್ಣು ನೆಲದ ಇಳಿಜಾರನ್ನೇ ಹುಡುಕುತ್ತಿತ್ತು. ಯಾರ ಮನೆಗೆ ಹೋದರೂ ಮೊದಲು ಬಚ್ಚಲು ನೋಡುವರು. ಹರಿಯುವ ನೀರು ಕಂಡಲ್ಲೆಲ್ಲ ಒಂದು ಬೇವಿನ ಎಲೆ ಕಿತ್ತು ಬಿಟ್ಟು, ಅದು ಎಷ್ಟು ಚುರುಕಾಗಿ ಹೋಗುತ್ತದೆಂದು ಬಗ್ಗಿ ನೋಡುವುದು ಅವರ ಹಳೆಯ ಚಟ. ಕಾಲುವೆಯ ನೀರಿನ ವೇಗವನ್ನು ಅವರು ಜೀವಮಾನವೆಲ್ಲ ಹಾಗೆಯೇ ಅಂದಾಜು ಮಾಡಿದ್ದರು. ನಮ್ಮ ಗೃಹಪ್ರವೇಶಕ್ಕೆ ಬಂದ ದಿನ ಹೋಳಿಗೆ ತಿನ್ನುವ ಮೊದಲೇ ನಮ್ಮ ಬಚ್ಚಲಿನಲ್ಲೂ ಒಂದು ಎಲೆ ಬಿಟ್ಟರು. ಎಲೆ ಅರ್ಧ ದಾರಿಯಲ್ಲಿ ನಿಂತಿತು.

"ಇಲ್ಲಿ ನೆಲಾ ಉಬ್ಬೈತಿ ನೋಡ್ರಿ ಮೇಡಮ್ಮರ," ಎಂದರು ಗಂಭೀರವಾಗಿ. "ನೀರು ನಿಂತು ವಿಚಾರ ಮಾಡಾಕತ್ತೈತಿ."

ನಮ್ಮ ಬಚ್ಚಲಿನ ನೀರು ಇವತ್ತಿಗೂ ಅಲ್ಲಿ ನಿಂತು ವಿಚಾರ ಮಾಡುತ್ತದೆ.

ಸಾಹೇಬರು ಹುಟ್ಟಿದ್ದು ಹಳೇ ಕೊಲ್ಹಾರದಲ್ಲಿ. ಕೃಷ್ಣೆಗೆ ಅಣೆಕಟ್ಟು ಕಟ್ಟಿ ಹಿನ್ನೀರು ಬಂದಾಗ ಊರು ಎದ್ದು ಎತ್ತರಕ್ಕೆ ಹೋಯಿತು. ಕೆಲವರು ಹೊಸ ಕೊಲ್ಹಾರದಲ್ಲಿ ಉಳಿದರು, ಕೆಲವರು ಸುತ್ತಲಿನ ಊರುಗಳಿಗೆ ಚದುರಿದರು. ನಿವೃತ್ತಿಯ ಹಣದಲ್ಲಿ ಸಾಹೇಬರು ಬಲವಾದ ಕಂಪ್ಯೂಟರೊಂದನ್ನು ವಿಜಯಪುರದಲ್ಲಿ ಜೋಡಿಸಿಕೊಂಡು ಬಂದು, ಓಣಿಯ ಬದಿಗಿದ್ದ, ತಗಡು ಹೊದಿಸಿದ ಪತ್ರಾಸಿನ ಖೋಲಿಯಲ್ಲಿ ಕೂತು, ಮುಳುಗಿದ ಊರನ್ನು ಅದರ ಪರದೆಯ ಮೇಲೆ ಮನೆ ಮನೆಯಾಗಿ ಕಟ್ಟತೊಡಗಿದರು. ಗೋಡೆ, ಕಟ್ಟೆ, ಹುಣಸೆಗಿಡ, ಗುಡಿ, ಮಸೂತಿ, ಹೊಳೆಗಿಳಿಯುವ ಮೆಟ್ಟಿಲು, ಎಲ್ಲ. ಹಿರಿಯರನ್ನು ಕರೆಸಿ ಕೇಳುವರು. ಒಂದೇ ಓಣಿಯ ಇಬ್ಬರು ಒಪ್ಪುವ ತನಕ ಯಾವ ಮನೆಗೂ ಮೇಲಿನ ಮಾಳಿಗೆ ಹೊದಿಸುತ್ತಿರಲಿಲ್ಲ. ಹೀಗಾಗಿ ಊರಿನ ಅರ್ಧ ಮನೆಗಳು ಬಹಳ ಕಾಲ ಬಯಲಿಗೆ ತೆರೆದುಕೊಂಡೇ ಇದ್ದವು.

ಇಷ್ಟೆಲ್ಲ ಅವಸರ ಅವರ ಅಕ್ಕನಿಗಾಗಿ. ಅಕ್ಕನ ಕಣ್ಣು ದಿನೇ ದಿನೇ ಮಂಜಾಗುತ್ತಿತ್ತು. ಇನ್ನು ಔಷಧಕ್ಕೆ ಜಗ್ಗುವುದಿಲ್ಲವೆಂದು ಡಾಕ್ಟರು ಹೇಳಿಯಾಗಿತ್ತು. "ಪೂರಾ ಕತ್ಲಿ ಆಗೂದರಾಗ ನಮ್ಮ ಕಟ್ಟಿ ಒಂದು ಸಲ ತೋರ್ಸೋ ತಮ್ಮಾ," ಎಂದಿದ್ದಳು ಆಕೆ. ಹೊಳೆಯ ಮೆಟ್ಟಿಲಿನಿಂದ ಹೊರಟು ಓಣಿಗಳಲ್ಲಿ ನಡೆದು ತಮ್ಮ ಮನೆಯ ಕಟ್ಟೆಯ ಮುಂದೆ ನಿಲ್ಲುವ ಒಂದು ಪಿಕ್ಚರ್ ಮಾಡಿ ತೋರಿಸುವುದು ಸಾಹೇಬರ ಹಂಚಿಕೆ.

ಪಿಕ್ಚರ್ ತಯಾರಾಗಬೇಕೆಂದರೆ ಮೆಷೀನು ಹಗಲೂ ರಾತ್ರಿ ದುಡಿಯಬೇಕು. ಬೇಸಿಗೆಯಲ್ಲಿ ಪತ್ರಾಸಿನ ಖೋಲಿ ಎಂದರೆ ರೊಟ್ಟಿಯ ಹೆಂಚು. ಕಾರಿನ ರೇಡಿಯೇಟರಿನ ಹಾಗೆ ಆ ಮೆಷೀನಿನೊಳಗೂ ನೀರು ಸುತ್ತುತ್ತಿತ್ತು. ಒಳಗಿನ ಬಿಸಿಯನ್ನು ಹೊತ್ತು ತಂದು, ಫ್ಯಾನಿನ ಮುಂದೆ ತಣಿದು, ಅಂಗೈಯಗಲದ ಒಂದು ಟ್ಯಾಂಕಿಗೆ ಬಂದು, ಪಂಪಿನಿಂದ ಮತ್ತೆ ಒಳಗೆ. ಆದರೂ ಮಧ್ಯಾಹ್ನವಾಯಿತೆಂದರೆ ಮೆಷೀನು ಕಾದು ಬಂದ್ ಬೀಳುತ್ತಿತ್ತು. ಆ ಪುಟ್ಟ ಟ್ಯಾಂಕಿಗೆ ಸಾಹೇಬರು 'ಸಣ್ಣ ಕೆರಿ' ಎನ್ನುವರು. ಸಣ್ಣ ಕೆರೆ ಸಾಲದಾದರೆ ಕಾಲುವೆಯ ಮನುಷ್ಯ ಏನು ಮಾಡುತ್ತಾನೆ? ದೊಡ್ಡ ಕೆರೆ ಕಟ್ಟುತ್ತಾನೆ.

ಮೆಷೀನು ಜೋಡಿಸಿಕೊಟ್ಟವನು ಫೋನಿನಲ್ಲಿ ಹೇಳಿದನಂತೆ: "ಸಾಹೇಬ್ರ, ಎರಡನೇ ಟ್ಯಾಂಕ್ ಹಾಕಿದ್ರ ಬಿಸಿ ಆಗೂದು ತಡಾ ಆಗತೈತಿ ಅಷ್ಟ. ಕಡಿಮಿ ಏನ ಆಗಂಗಿಲ್ಲ."

"ತಡಾ ಆದ್ರ ಸಾಕೋ ಮಾರಾಯಾ. ನಾನೂ ಜೀವನದಾಗ ಏನ ಮಾಡಿದ್ರೂ ತಡಾನ ಮಾಡೇನಿ."

ಅವನು ಸ್ಟೀಲಿನ ಟ್ಯಾಂಕ್ ಕಳಿಸುತ್ತೇನೆಂದ. ಸಾಹೇಬರು ಕೇಳಲಿಲ್ಲ. ಕೊಲ್ಹಾರದಲ್ಲಿ ಮೊಸರು ಹೆಪ್ಪು ಹಾಕುವುದು ಮಣ್ಣಿನ ಗಡಿಗೆಯಲ್ಲಿ. ಮಣ್ಣು ತಂಪು ಹಿಡಿಯುವುದನ್ನು ನೋಡುತ್ತಲೇ ಬೆಳೆದವರು ಅವರು. ದೊಡ್ಡದೊಂದು ಗಡಿಗೆ ತಂದು, ಹಸಿ ಗೋಣಿತಟ್ಟು ಸುತ್ತಿ, ಓಣಿಯ ಕಡೆಯ ಕಿಟಕಿಯ ಹೊರಗಟ್ಟೆಯ ಮೇಲೆ ಬೇವಿನ ನೆರಳಲ್ಲಿ ಇಟ್ಟರೆ ಸುಳಿಗಾಳಿಗೆ ನೀರು ತಾನೇ ತಣಿಯುತ್ತದೆ. ಚೌಕಟ್ಟಿಗೆ ಎರಡು ತೂತು. ಒಂದರಿಂದ ನೀರು ಒಳಗೆ, ಒಂದರಿಂದ ಹೊರಗೆ.

ತೊಡಕು ಬಂದದ್ದು ಮನೆಯೊಳಗಿಂದ. ಸಾಹೇಬರ ಹೆಂಡತಿಯನ್ನು ನಾನು ಕಾಕು ಎನ್ನುತ್ತಿದ್ದೆ. ತನ್ನ ತೇಗದ ಚೌಕಟ್ಟಿಗೆ ಕೊರೆಯುವ ಮೆಷೀನು ಹಚ್ಚಲು ಕಾಕು ಸುತರಾಂ ಒಪ್ಪಲಿಲ್ಲ. ಆಗ ಸಾಹೇಬರು ಜೀವನದ ಅತಿ ದೊಡ್ಡ ಸುಳ್ಳನ್ನು ಹೇಳಿದರು.

"ಅರವಟಿಗಿ ಇಡೋಣಂತ ಮಾಡೇನಿ. ಹೋಗೂ ಬರೂ ಮಂದಿಗೆ ಕುಡಿಯೂ ನೀರು. ನೀರು ಸುತ್ತಾಡ್ಕೋತ ಇದ್ರ ತಂಪ ಇರ್ತೈತಿ, ಅದಕ ಈ ನಳಿಗಿ."

ಪುಣ್ಯದ ಮಾತು ಬಂದ ಮೇಲೆ ಕಾಕು ತಾನೇ ಸ್ಟೂಲು ಹಿಡಿದು ನಿಂತಳು. ಮರುದಿನ ಗಡಿಗೆಯ ಮೇಲೆ ಮುಚ್ಚಳ, ಮುಚ್ಚಳದ ಮೇಲೆ ಸರಪಳಿ ಕಟ್ಟಿದ ಸ್ಟೀಲಿನ ಲೋಟ. ಬೆಳಿಗ್ಗೆ ರಂಗೋಲಿ ಹಾಕಿ ಬಂದು ಗಡಿಗೆಯನ್ನು ಕಂಠಮಟ ತುಂಬಿಸುವುದು ಆಕೆಯ ನೇಮವಾಯಿತು. ಸಾಹೇಬರಿಗೂ ಅದು ಹಿತವೇ. ಕೆರೆ ತುಂಬಿಸುವ ಕೆಲಸ ತಪ್ಪಿತು.

ಆದರೆ ಜನ ನಿಜವಾಗಿಯೂ ಕುಡಿಯತೊಡಗಿದರು. ಮೊದಲ ದಾರಿಹೋಕ ಲೋಟ ಎತ್ತಿದ್ದನ್ನು ನೋಡಿ ಸಾಹೇಬರು ಓಡಿ ಬಂದು ನೀರನ್ನೆಲ್ಲ ಚೆಲ್ಲಿದರು. ಮೆಷೀನಿನ ನೀರಿಗೆ ಬೆರೆಸಿದ್ದ ಬಣ್ಣದ ದ್ರವವನ್ನು ತೆಗೆದು, ನಳಿಗೆಗಳನ್ನು ಮತ್ತೆ ಮತ್ತೆ ತೊಳೆದು, ಅಂದಿನಿಂದ ಬರೀ ಕುಡಿಯುವ ನೀರನ್ನೇ ಓಡಿಸಿದರು. ಸುಳ್ಳಿಗೂ ಒಂದು ನಿಯತ್ತು ಇರಬೇಕೆಂಬ ಮನುಷ್ಯ ಅವರು. ಕಂಪ್ಯೂಟರಿನ ಬೆವರು ಒರೆಸಿ ಬಂದ ನೀರನ್ನು ಓಣಿಯವರು ಕುಡಿದು ಬಾಯಿ ಒರೆಸಿಕೊಂಡು ಹೋಗುವರು. ದೂರು ಒಂದೇ.

"ಕಾಕು, ಎಲ್ಲಾರ ಗಡಿಗ್ಯಾಗ ನೀರು ತಂಪ ಇರ್ತೈತಿ, ನಿಮ್ಮದು ಉಗುರುಬೆಚ್ಚಗ ಯಾಕ್ರಿ?"

"ಗಂಟಲಿಗಿ ಚಲೋ ಅದು. ಕುಡಿ ಸುಮ್ನ."

ನಾನು ಒಂದೇ ವಿಷಯಕ್ಕೆ ಸಾಹೇಬರ ಬೆನ್ನು ಹತ್ತಿದ್ದೆ: ಕಂಪ್ಯೂಟರಿನೊಳಗಿನ ಈ ಊರಿನ ಒಂದು ಪ್ರತಿಯನ್ನು ಬೇರೆ ಎಲ್ಲಾದರೂ ಇಟ್ಟುಕೊಳ್ಳಿ ಎಂದು. ಅವರು ತಲೆ ಅಲ್ಲಾಡಿಸಿದರು. "ಈ ಊರದ್ದು ಒಂದ ನಕಲು ಈಗಾಗಲೇ ಐತ್ರಿ ಮೇಡಮ್ಮರ. ಹೊಸ ಕೊಲ್ಹಾರ ಅಂತ. ಅಷ್ಟ ಸಾಕ."

ಇನ್ನು ಸಾಸಿವೆಯ ವಿಷಯ. ಹೊಸ ಕಾಲುವೆ ತೋಡಿದ ಮೇಲೆ ಎಲೆ ಬಿಡದೆ ಇರಲು ಅವರಿಂದ ಆಗಲಿಲ್ಲ. ಎಲೆ ನಳಿಗೆಗೆ ಹಿಡಿಸುವುದಿಲ್ಲ. ಹೀಗಾಗಿ ಗಡಿಗೆಗೆ ವಾಪಸು ಬರುವ ನಳಿಗೆಯನ್ನು ಬಿಚ್ಚಿ ಒಂದು ಸಾಸಿವೆ ಕಾಳು ಬಿಟ್ಟು, ಅದು ಗಡಿಗೆಗೆ ಬಂದು ಬೀಳುವುದನ್ನು ಮಗುವಿನ ಹಾಗೆ ನೋಡುವರು. ಒಳಗೆ ಹೋಗುವ ನಳಿಗೆಯ ಬಾಯಿಗೆ ಚಹಾ ಸೋಸುವ ಜಾಳಿಗೆ ಕಟ್ಟಿದ್ದರಿಂದ ಕಾಳು ಮೆಷೀನಿಗೆ ಹೋಗುವ ಭಯವಿರಲಿಲ್ಲ. ಕಾಕು ಅಡಿಗೆಮನೆಯ ಬಾಗಿಲಲ್ಲಿ ನಿಂತು ಇದನ್ನು ಒಮ್ಮೆ ನೋಡಿದಳು. ತಿರುಗಿ ಒಲೆಯ ಕಡೆ ಹೋದಳು.

ಪಿಕ್ಚರ್ ತೋರಿಸುವ ದಿನ ಗೊತ್ತಾಯಿತು. ಇಂಡಿಯಿಂದ ಒಬ್ಬ ಹಿರಿಯರು ಬಂದರು, ಮುದ್ದೇಬಿಹಾಳದಿಂದ ಒಬ್ಬರು. ಕೊಲ್ಹಾರದಿಂದ ಅಕ್ಕನನ್ನು ಟಂಟಂ ಆಟೋದಲ್ಲಿ ಕರೆತಂದರು. ಆಕೆಯ ಜೊತೆಗೆ ಹಳೇ ಊರಿನ ಇನ್ನೂ ನಾಲ್ಕಾರು ಜನ, ಒಂದು ಗಡಿಗೆ ಮೊಸರು. ಪತ್ರಾಸಿನ ಖೋಲಿಯಲ್ಲಿ ಜಮಖಾನದ ಮೇಲೆ ಎಲ್ಲರೂ ಬರಿಗಾಲಲ್ಲಿ ಕೂತರು. ಮಂಡಿ ಮಡಿಸಲಾಗದ ಅಕ್ಕನನ್ನು ಮುಂದೆ ಮರದ ಕುರ್ಚಿಯ ಮೇಲೆ ಕೂರಿಸಿದರು. ಮೆಷೀನು ಕೊನೆಯ ಓಣಿಯನ್ನು ಇನ್ನೂ ಸಿದ್ಧಮಾಡುತ್ತಿತ್ತು. ಮೇಜಿನ ಕೆಳಗೆ, ನೆಲದ ಮೇಲೆ, ನಾಲ್ಕು ಪ್ಲಗ್ಗು ಚುಚ್ಚಿದ ಕರೆಂಟಿನ ಬೋರ್ಡು. ಇಂದಿಗೂ ಕಣ್ಣು ಮುಚ್ಚಿದರೆ ನನಗೆ ಮೊದಲು ಕಾಣುವುದು ಆ ಬೋರ್ಡು, ಆಮೇಲೆ ಅಕ್ಕನ ಬರಿಯ ಪಾದ.

ಆಗ ಕಪ್ಪೆಯ ಮೊಟ್ಟೆಗಳು ಬಂದವು.

"ಸಾಹೇಬ್ರ, ಒಳಗ ಏನೋ ಹೊಂಟೈತಿ ನೋಡ್ರಿ," ಎಂದೆ.

ಸಾಹೇಬರು ಗಾಜಿಗೆ ಮೂಗು ಹಚ್ಚಿದರು. ಕಾಲುವೆಯಲ್ಲಿ ಅವರು ಸತ್ತ ಎಮ್ಮೆ, ಕೊಚ್ಚಿಹೋದ ಸೈಕಲ್, ಒಮ್ಮೆ ಯಾರದೋ ಮದುವೆಯ ಬಾಸಿಂಗ, ಎಲ್ಲ ನೋಡಿದ್ದರು. ಇದನ್ನು ನೋಡಿರಲಿಲ್ಲ. "ನೀರು ವಿಚಾರ ಮಾಡಾಕತ್ತೈತಿ," ಎಂದರು ಮೆಲ್ಲಗೆ.

ಪಂಪು ಗರ್ರೆಂದಿತು. ಮೆಷೀನಿನೊಳಗೆ ಟಪ್ಪೆಂದು ನಳಿಗೆ ಕಿತ್ತಿತು. ಎತ್ತರದ ಕಿಟಕಿಯ ಮೇಲಿದ್ದ ದೊಡ್ಡ ಕೆರೆ ತಗ್ಗಿನಲ್ಲಿದ್ದ ಮೆಷೀನಿಗೆ ಇಳಿಯತೊಡಗಿತು.

"ಒಡ್ಡು ಒಡೀತೋ!" ಎಂದು ಕೂಗಿ ಸಾಹೇಬರು ಗಾಜಿನ ಬದಿ ಕಿತ್ತೆಸೆದು, ಕರೆಂಟು ಹರಿಯುತ್ತಿದ್ದ ಮೆಷೀನಿನೊಳಗೆ ಕೈ ತುರುಕಿ, ನಳಿಗೆಯ ಬಾಯಿಗೆ ಹೆಬ್ಬೆರಳು ಒತ್ತಿದರು. ಬೆರಳ ಸಂದಿಯಿಂದ ನೀರು ಚಿಮ್ಮಿ ಮೇಜಿನಿಂದ ನೆಲಕ್ಕೆ, ನೆಲದಿಂದ ಜಮಖಾನದ ಅಂಚಿಗೆ ಬಂತು.

ನೀರು ಬಂದರೆ ಏನು ಮಾಡಬೇಕೆಂದು ಆ ಜನಕ್ಕೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಒಬ್ಬರೂ ಕಿರುಚಲಿಲ್ಲ. ಎಲ್ಲರೂ ಎದ್ದರು, ಸಾಮಾನು ಎತ್ತಿದರು. ಒಬ್ಬರು ಜಮಖಾನ ಸುತ್ತಿದರು. ಒಬ್ಬರು ದೇವರ ಫೋಟೊ, ಗಡಿಯಾರ ಇಳಿಸಿದರು. ಒಬ್ಬ ಅಜ್ಜಿ ಮೊಸರಿನ ಗಡಿಗೆಯನ್ನು ಕಂಕುಳಿಗೆ ಸೇರಿಸಿ ನಡೆದಳು. ಇಂಡಿಯ ಹಿರಿಯರೂ ಇನ್ನೊಬ್ಬರೂ ಕೂಡಿ ಕಾಕುವಿನ ಬಟ್ಟೆಯ ಕಪಾಟನ್ನೇ ಎತ್ತಿದರು. ಮುದ್ದೇಬಿಹಾಳದವರು ಬಾಗಿಲನ್ನು ಬಿಜಾಗರಿಯಿಂದ ಬಿಡಿಸಲು ನೋಡುತ್ತಿದ್ದರು. ಊರು ಬಿಡುವಾಗ ಬಾಗಿಲು ಬಿಟ್ಟು ಬಂದಿದ್ದರಂತೆ, ಇವತ್ತಿನ ತನಕ ಮನಸ್ಸಿಗೆ ಹತ್ತಿಕೊಂಡಿತ್ತಂತೆ.

ಮೇನ್ ಸ್ವಿಚ್ಚು ಇದ್ದದ್ದು ಹೊರಗೆ ಪಡಸಾಲೆಯಲ್ಲಿ. ನಾನು ಬಾಗಿಲಿಗೆ ಓಡಿದೆ. ಬಾಗಿಲ ತುಂಬ ಕಪಾಟು, ಅದರ ಎರಡು ತುದಿಗೆ ವಾದ ಮಾಡುವ ಇಬ್ಬರು ಹಿರಿಯರು.

"ನಿಮ್ಮ ಕಡೆ ಸ್ವಲ್ಪ ಓರೆ ಮಾಡ್ರಿ."

"ಓರೆ ಮಾಡಿದ್ರ ಕನ್ನಡಿ ಒಡೀತೈತಿ. ನೀವ ಎತ್ರಿ."

"ನಾ ಎತ್ತೇನಲ್ಲ, ನೀವ ಕೂತೀರಿ!"

"ಯಜ್ಜಾರ, ದಾರಿ ಬಿಡ್ರಿ, ಕರೆಂಟ್ ಐತ್ರಿ!" ಎಂದು ನಾನು ಅರಚಿದೆ.

"ಕರೆಂಟ್ ಆಮ್ಯಾಲೆ ತಗೋತೀವಿ ಬೇಟಾ, ಮೊದ್ಲ ಕಪಾಟ," ಎಂದರು ಇಂಡಿಯವರು, ಬಹಳ ಅಕ್ಕರೆಯಿಂದ.

ಹಿಂತಿರುಗಿ ನೋಡಿದೆ. ಸಾಹೇಬರು ಹೆಬ್ಬೆರಳು ತೆಗೆದಿರಲಿಲ್ಲ. ನೀರು ಬೋರ್ಡಿನ ಹತ್ತಿರ ತಲುಪಿತ್ತು. ಕೋಣೆಯಲ್ಲಿ ಅಲುಗಾಡದೆ ಉಳಿದವಳು ಅಕ್ಕ ಒಬ್ಬಳೇ.

"ಅಕ್ಕಾ, ಏಳ! ಕಾಲು ಮ್ಯಾಲ ತಗೋ!" ಸಾಹೇಬರು ಗೋಗರೆದರು.

"ಒಮ್ಮಿ ಎದ್ದ ಬಂದೇನಿ," ಎಂದಳು ಅಕ್ಕ. "ಮತ್ತ ಏಳಂಗಿಲ್ಲ."

ನಾನು ಸೀರೆ ಎತ್ತಿ ಕಟ್ಟಿ, ಎತ್ತಿ ಹಿಡಿದ ಕಪಾಟಿನ ಕೆಳಗೆ ತೆವಳಿದೆ. ನನ್ನ ಓದು, ಕಾಲೇಜಿನ ನೌಕರಿ, ಯಾವುದೂ ಅಲ್ಲಿ ಉಪಯೋಗಕ್ಕೆ ಬರಲಿಲ್ಲ, ಮೊಳಕಾಲು ಬಂದವು. ಸ್ವಿಚ್ಚಿಗೆ ಜೋತುಬಿದ್ದು ಎಳೆದೆ. ಫ್ಯಾನು ನಿಂತಿತು. ಪಂಪು ನಿಂತಿತು. ಗಡಿಗೆಯಲ್ಲಿ ಉಳಿದ ನೀರು ಮಾತ್ರ ತನ್ನ ಪಾಡಿಗೆ ಬಸಿಯುತ್ತಿತ್ತು.

ಆ ಮೌನದೊಳಗೆ ಅಡಿಗೆಮನೆಯಿಂದ ಲೋಟಗಳ ತಟ್ಟೆ ಹಿಡಿದು ಕಾಕು ಬಂದಳು. ಅಕ್ಕನ ಕುರ್ಚಿಯೊಂದನ್ನು ಬಿಟ್ಟು ಖಾಲಿ ಖೋಲಿ, ಬಾಗಿಲಲ್ಲಿ ತನ್ನ ಕಪಾಟು, ಮೆಷೀನಿನಲ್ಲಿ ಕೈಯಿಟ್ಟು ನಿಂತ ಗಂಡ.

"ಅಯ್ಯ, ಪಾನಕ ಕುಡಿದ ಹೋಗ್ರಲ್ಲ ಎಲ್ಲಾರೂ," ಎಂದಳು. "ಗಡಿಗ್ಯಾಗ ಮಾಡೇನಿ."

"ಏನ್ ಮಾಡಿದಿ?" ಬೆರಳು ತೆಗೆಯದೆಯೇ ಸಾಹೇಬರು ತಿರುಗಿದರು.

"ಪಾನಕಾ. ಇಷ್ಟ ಮಂದಿ ಹಿರ್ಯಾರು ಬರ್ತಾರ, ಇವತ್ತ ಬರೇ ನೀರ ಹೆಂಗ ಇಡೂದ್ರಿ? ಬೆಲ್ಲಾ, ಲಿಂಬಿಹಣ್ಣು, ಚಿಟಿಕಿ ಉಪ್ಪು, ಒಂದ್ ಮುಟಿಗಿ ಸಬ್ಜಾ."

ಒಣಗಿದ ಸಬ್ಜಾ, ಅಂದರೆ ಕಾಮಕಸ್ತೂರಿಯ ಬೀಜ, ಜಾಳಿಗೆಯಲ್ಲಿ ನುಸುಳಿ ಹೋಗಿ, ಮೆಷೀನಿನ ಬೆಚ್ಚನೆಯ ಒಳಗೆ ಲೋಳೆಯಾಗಿ ಉಬ್ಬಿ ದಾರಿ ಕಟ್ಟಿತ್ತು. ಅದಕ್ಕೆ ಬೆಲ್ಲ, ಉಪ್ಪು, ಹುಳಿ ಬೇರೆ.

"ಗಡಿಗಿಗೆ ಬೀಜಾ ಯಾರರ ಹಾಕ್ತಾರೇನ!"

"ನೀವು ಸಾಸಿವಿ ಹಾಕೂದು ನಾ ಕಣ್ಣಾರೆ ನೋಡೇನಿ," ಎಂದಳು ಕಾಕು. "ಪಾನಕಕ್ಕ ಸಾಸಿವಿ ಹಾಕೂ ಗಂಡಸಿಗಿ ಸಬ್ಜಾದ್ದೇನ ತ್ರಾಸು?"

ಸಾಹೇಬರು ಹೆಬ್ಬೆರಳು ತೆಗೆದರು. ಬೆರಳು ಸುಕ್ಕುಗಟ್ಟಿ ಬೆಳ್ಳಗಾಗಿತ್ತು. ಅರವಟಿಗೆಯ ಸುಳ್ಳನ್ನು ಅಲ್ಲಿಯೇ, ಪಾನಕದಲ್ಲಿ ನಿಂತು, ಪೂರ್ತಿ ಹೇಳಿದರು. ಕಾಕು ಕೇಳಿಸಿಕೊಂಡಳು. ಲೋಟಗಳ ತಟ್ಟೆ ಕೆಳಗಿಟ್ಟು ಅಂದಳು: "ಹಂಗಾರ ನಾ ಊರಿಗೆಲ್ಲಾ ಕಂಪ್ಯೂಟರ್ ತೊಳದ ನೀರು ಕುಡಿಸೇನಿ."

ಅಂದು ಮಧ್ಯಾಹ್ನ ಊಟ ಬೇವಿನ ಗಿಡದ ಕೆಳಗೇ ಆಯಿತು, ಕಪಾಟು, ಜಮಖಾನ, ಗಡಿಯಾರಗಳ ನಡುವೆ. ಹಾದುಹೋಗುವವರು ಮನೆ ಖಾಲಿ ಮಾಡುತ್ತಿದ್ದೀರಾ ಎಂದು ಕೇಳಿದರೆ, "ಇಲ್ರಿ, ಪಿಚ್ಚರ್ ನೋಡಾಕ ಬಂದೀವಿ," ಎನ್ನುತ್ತಿದ್ದರು. ಸಿಂದಗಿಯ ಹಿರಿಯರು ಅಷ್ಟರಲ್ಲಿ ಬಂದಿಳಿದು, ಎಲ್ಲ ಮುಗಿದುಹೋಯಿತೇ ಎಂದು ಸಿಟ್ಟಾದರು. ಸಾಹೇಬರು ಒಳಗೆ ಕೂತು ಮೆಷೀನು ಒರೆಸುತ್ತಿದ್ದರು. ಅಕ್ಕನ ಕಣ್ಣು ಕಾಯುವುದಿಲ್ಲ. ಊರಿನ ಏಕೈಕ ಪ್ರತಿ ಬೆಲ್ಲದ ನೀರಿನಲ್ಲಿತ್ತು. ಒಮ್ಮೆ ಹೊಳೆಯಲ್ಲಿ ಮುಳುಗಿದ ಊರನ್ನು ತಾವು ಪಾನಕದಲ್ಲಿ ಮುಳುಗಿಸಿದೆವಲ್ಲ ಎಂಬುದು ಅವರ ಮುಖದಲ್ಲಿ ಬರೆದಿತ್ತು.

ಊರಿದ್ದ ಡಿಸ್ಕನ್ನು ಬಿಚ್ಚಿ ಕಾಕು ತನ್ನ ಬಿಳಿಜೋಳದ ಚೀಲದಲ್ಲಿ ಹುಗಿದಿಟ್ಟಳು, ತೇವ ಎಳೆಯಲಿ ಎಂದು. ಆಮೇಲೆ ಅದು ರಿಪೇರಿಗೆ ವಿಜಯಪುರಕ್ಕೆ ಹೋಯಿತು. ಅದು ಬರುವ ತನಕ ನಮ್ಮೆರಡು ಮನೆಗಳ ನಡುವಿನ ಗೋಡೆಯ ಆಚೀಚೆ ಯಾರಿಗೂ ನಿದ್ದೆ ಹತ್ತಲಿಲ್ಲ. ಆ ಕಡೆ ಸಾಹೇಬರು ಅಡ್ಡಾಡುವ ಸಪ್ಪಳ. ಈ ಕಡೆ ಕಣ್ಣು ಮುಚ್ಚಿದರೆ ನಾನು ಮತ್ತೆ ಕಪಾಟಿನ ಕೆಳಗೆ. ಈ ಸಲ ಆಚೆ ದಾಟಲು ಆಗುವುದೇ ಇಲ್ಲ, ನೀರು ಬೋರ್ಡು ಮುಟ್ಟುತ್ತದೆ. ನಲ್ಲಿ ತೊಟ್ಟಿಕ್ಕಿದರೂ ಎದ್ದು ಕೂರುತ್ತಿದ್ದೆ. ಕಾಲೇಜಿನಲ್ಲಿ ಯಾರೋ ಸಬ್ಜಾ ಹಾಕಿದ ಶರಬತ್ತು ಕೊಟ್ಟಾಗ ನಾನು ಲೋಟ ದೂರ ಸರಿಸಿದ್ದನ್ನು ನೋಡಿ, ಶುಗರ್ ಪರೀಕ್ಷೆ ಮಾಡಿಸಿಕೊಳ್ಳಿ ಎಂದರು.

ಡಿಸ್ಕು ಬದುಕಿ ಬಂತು. ಅದರ ಸಂದಿಯಲ್ಲಿ ಎರಡು ಜೋಳದ ಕಾಳು ಸಿಕ್ಕವೆಂದು ರಿಪೇರಿಯವನು ಕಾಗದದಲ್ಲಿ ಸುತ್ತಿ ಕಳಿಸಿದ್ದ. ಸಾಹೇಬರು ಮೊದಲು ಮಾಡಿದ ಕೆಲಸ, ಒಂದು ಪ್ರತಿ ತೆಗೆದು ನನ್ನ ಕೈಗೆ ಕೊಟ್ಟದ್ದು. ಗಡಿಗೆಗೆ ಮತ್ತೆ ನಳಿಗೆ ಹಚ್ಚಲಿಲ್ಲ; ಅದು ಬರೀ ಅರವಟಿಗೆಯಾಗಿ ಉಳಿಯಿತು. ದಿನಕ್ಕೊಂದು ಓಣಿಯಂತೆ, ರಿಪೇರಿಯಾದ ಮೆಷೀನಿಗೆ ಉಸಿರಾಡಲು ಬಿಟ್ಟು ಪಿಕ್ಚರ್ ಮುಗಿಸಿದರು. ಟಂಟಂನಲ್ಲಿ ಮೆಷೀನನ್ನು ಕಾಕುವಿನ ತೊಡೆಯ ಮೇಲಿಟ್ಟುಕೊಂಡು ಎಲ್ಲರೂ ಕೊಲ್ಹಾರಕ್ಕೆ ಹೋದೆವು.

ಅಕ್ಕ ಪರದೆಗೆ ಮುಖ ಹಚ್ಚಿ ಕೂತಳು. ಹೊಳೆಯ ಮೆಟ್ಟಿಲು, ಹುಣಸೆಗಿಡ, ಓಣಿ, ತಿರುವು, ಕಟ್ಟೆ. ಪಿಕ್ಚರ್ ಅಲ್ಲಿಗೆ ನಿಂತಿತು.

"ಇದು ನಮ್ಮ ಕಟ್ಟಿ ಅಲ್ಲ," ಎಂದಳು.

ಸಾಹೇಬರ ಮುಖ ನೋಡುವ ಧೈರ್ಯ ನನಗಾಗಲಿಲ್ಲ.

"ನಮ್ಮ ಕಟ್ಟಿ ಬಲಕ್ಕ ಮೂಲ್ಯಾಗ ಒಡದಿತ್ತು. ಬುಗುರಿ ಚಚ್ಚಿ ಚಚ್ಚಿ ನೀನ ಒಡದಿದ್ದಿ. ಅಪ್ಪಗ ನನ್ನ ಹೆಸರ ಹೇಳಿ ನನಗ ಹೊಡಿಸಿದ್ದಿ. ಅದನ್ನ ಹೆಂಗ ಮರತಿ?"

ಸಾಹೇಬರು ಮೌಸು ಹಿಡಿದು, ಎಲ್ಲರೆದುರು ಕಟ್ಟೆಯ ಬಲಮೂಲೆ ಒಡೆದರು. ಅಕ್ಕ ಇನ್ನೂ ಹತ್ತಿರ ಬಗ್ಗಿ, ಒಡೆದ ಜಾಗಕ್ಕೆ ಬೆರಳಿಟ್ಟು ಸವರಿದಳು.

"ಹಾಂ," ಎಂದಳು. "ಈಗ ಕುಂಡ್ರತೇನಿ."

ಬಹಳ ಹೊತ್ತು ಹಾಗೆಯೇ ಕೂತಿದ್ದಳು.

ನಾವು ಬಾಗೇವಾಡಿಗೆ ಮರಳಿದಾಗ ದೀಪ ಹಚ್ಚುವ ಹೊತ್ತು. ಮರುದಿನ ಬೆಳಿಗ್ಗೆ ಹಾಲಿನವನು ಸಾಹೇಬರ ಬಾಗಿಲು ಬಡಿದನಂತೆ, ನಮ್ಮ ಬಾಗಿಲು ಬಡಿದನಂತೆ. ಗಾಢ ನಿದ್ದೆಯಿಂದ ಯಾರೂ ಏಳದ್ದನ್ನು ನೋಡಿ, ಕಿಟಕಿಯ ಮೇಲಿನ ಗಡಿಗೆಯಿಂದ ಒಂದು ಲೋಟ ನೀರು ಕುಡಿದು ಹೋದನಂತೆ. ಅದು ತಂಪಾಗಿತ್ತಂತೆ.